ಯುದ್ಧ ಕಂಡು ಬಂದ ಸೈನಿಕರು ಊರಿನ ಬದುಕಿಗೆ ಹೊಂದಿಕೊಳ್ಳುವುದು ಹೇಗೆ?

ಕಾರ್ಗಿಲ್‌ನಲ್ಲಿದ್ದ ನಿಮ್ಮ ಅಂಕೋಲೆಯ ಮಾವ ಈಗಲೂ ರಾತ್ರಿ ಬೆಚ್ಚಿ ಏಳುತ್ತಾರೆ, ಯಾರೊಂದಿಗೂ ಬೆರೆಯುವುದಿಲ್ಲ, ಇದು ಹುಚ್ಚೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಗುಂಡಿನ ನಡುವೆ ಜೀವ ಉಳಿಸಿದ ಎಚ್ಚರವನ್ನು ಮೈ ಇನ್ನೂ ಬಿಟ್ಟಿಲ್ಲ, ಅಷ್ಟೆ. ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ, ಇರಬಹುದು, ವೈದ್ಯರೇ ನೋಡಿ ಹೇಳಬೇಕು. ಯುದ್ಧ ಕಂಡವರಿಗೆಲ್ಲ ಅದು ಬರುವುದಿಲ್ಲ. ಕೆಲವರಿಗೆ ನಿವೃತ್ತಿಯ ನಂತರ, ಪಲ್ಟನ್ನಿನ ಗೆಳೆಯರೂ ದಿನಚರಿಯೂ ತಪ್ಪಿದ ಮೇಲೆ, ತಲೆ ಎತ್ತುತ್ತದೆ.

ಚೆಂಡಿಯಾದ ರಾಮ ರಾಘೋಬ ರಾಣೆಯವರ ಪರಮವೀರ ಚಕ್ರದ ಕತೆ ಕಾರವಾರದಲ್ಲಿ ಮಕ್ಕಳಿಗೂ ಗೊತ್ತು. 1948ರ ಕಾಶ್ಮೀರ ಯುದ್ಧದ ಆ ಸಾಹಸದ ನಂತರ ಅವರು 1968ರವರೆಗೂ ಸೇನೆಯಲ್ಲಿದ್ದರು. ಪದಕದ ಆಚೆಗಿನ ವರ್ಷಗಳ ಬಗ್ಗೆ ನಾವು ಕೇಳುವುದೇ ಕಡಿಮೆ.

ಹೆಚ್ಚಿನವರಿಗೆ ಆಸರೆಯಾಗುವುದು ಜೊತೆಗಿದ್ದ ಮಾಜಿ ಸೈನಿಕರು. ಮನೆಯಲ್ಲಿ ಬಾಯಿಬಿಡದವರು ಅವರೆದುರು ಮಾತಾಡುತ್ತಾರೆ. ತೋಟವೋ ದೋಣಿಯೋ, ಬೆಳಿಗ್ಗೆ ಎದ್ದು ಹೋಗಲು ಒಂದು ಕೆಲಸವೂ ಬೇಕು. ಸೇನಾ ಕ್ಯಾಂಟೀನಿನ ರಮ್ಮು ಮಾತ್ರ ಬೇಡ; ಬೇಗ ನಿದ್ದೆ ಬರಿಸಿ, ಆಮೇಲೆ ಆ ನಿದ್ದೆಯನ್ನೇ ಕೆಡಿಸುತ್ತದೆ.

ಮನೆಯವರು 'ಎಷ್ಟು ಜನರನ್ನು ಹೊಡೆದಿರಿ' ಎಂದು ಕೇಳಬಾರದು. ಮಲಗಿದ್ದಾಗ ಮೈ ಅಲುಗಾಡಿಸದೆ ದೂರದಿಂದ ಕರೆಯಿರಿ. ದೀಪಾವಳಿ ಪಟಾಕಿ ಹಚ್ಚುವ ಮುಂಚೆ ಹೇಳಿಬಿಡಿ.

ನಿದ್ದೆಯಿಲ್ಲದೆ ವಾರಗಳು ಕಳೆದಿದ್ದರೆ ಮನೋವೈದ್ಯರಿಗೆ ತೋರಿಸಿ. ಆಪ್ತಸಮಾಲೋಚನೆ, ಬೇಕಿದ್ದರೆ ಮಾತ್ರೆ, ಎರಡರಿಂದಲೂ ಗುಣ ಕಾಣುತ್ತದೆ, ಇಷ್ಟು ವರ್ಷದ ಮೇಲೂ. ಪಿಂಚಣಿದಾರರಿಗೆ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಕರೆ ನೀವೇ ಮಾಡಿದರೂ ನಡೆಯುತ್ತದೆ.