ಆರ್ಫಿಯಸ್‌ಗೆ ಇಬ್ಬರು ಯಾಕೆ?

ಜರ್ಮನ್ ನೃತ್ಯ ಸಂಯೋಜಕಿ ಪಿನಾ ಬೌಷ್ ಅವರ ನೃತ್ಯ-ಒಪೆರಾ ‘ಆರ್ಫಿಯಸ್ ಮತ್ತು ಯುರಿಡಿಸಿ’ಯಲ್ಲಿ ಒಂದೇ ಪಾತ್ರಕ್ಕೆ ಇಬ್ಬರು ಯಾಕೆ, ಕೊನೆಗೆ ಯುರಿಡಿಸಿ ಬದುಕಿ ಬರೋದಿಲ್ಲ ಯಾಕೆ ಅಂತ ಕೇಳಿದ್ದೀರಿ.

ಎರಡನೆಯದು ಸುಲಭ. ಸಂಗೀತ ಗ್ಲುಕ್ ಅನ್ನೋ ಸಂಗೀತಗಾರನದು, 1762ರ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಅದರಲ್ಲಿ ಪ್ರೇಮದೇವತೆ ಬಂದು ಸತ್ತವಳನ್ನು ಎಬ್ಬಿಸಿಬಿಡುತ್ತಾನೆ. ಹಳೆಯ ಗ್ರೀಕ್ ಕಥೆಯಲ್ಲಿ, ಸತ್ತ ಹೆಂಡತಿ ಯುರಿಡಿಸಿಯನ್ನು ಪಾತಾಳದಿಂದ ಕರೆತರುವಾಗ ತಿರುಗಿ ನೋಡಬಾರದು ಅಂತ ಇದ್ದರೂ ಆರ್ಫಿಯಸ್ ತಿರುಗಿ ನೋಡಿದ, ಕಳೆದುಕೊಂಡ, ಅಷ್ಟೇ. 1975ರಲ್ಲಿ ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ಬೌಷ್ ಆ ಸುಖಾಂತ್ಯವನ್ನು ಕಿತ್ತುಹಾಕಿದರು. ಶೋಕ, ಹಿಂಸೆ, ಶಾಂತಿ, ಸಾವು ಅಂತ ನಾಲ್ಕು ಭಾಗ, ಸಾವಿಗೇ ಮುಗಿಯುತ್ತದೆ. ನನಗಂತೂ ಇದೇ ಸರಿ. ಗ್ಲುಕ್‌ನ ಕೊನೆ ಬಲವಂತಕ್ಕೆ ಸಿಹಿ ಹಂಚಿದ ಹಾಗಿದೆ.

ಇನ್ನು ಇಬ್ಬರ ವಿಷಯ. ಒಬ್ಬರು ಹಾಡುತ್ತಾರೆ, ಒಬ್ಬರು ಕುಣಿಯುತ್ತಾರೆ. ಇದು ಸುಮ್ನೆ ಅನುಕೂಲಕ್ಕೆ ಮಾಡಿದ್ದಲ್ಲ. ಯುರಿಡಿಸಿ ಎರಡನೇ ಸಲ ಸತ್ತ ಮೇಲಿನ ದೃಶ್ಯ ಇನ್ನೊಮ್ಮೆ ನೋಡಿ. ‘ಅವಳನ್ನು ಕಳೆದುಕೊಂಡೆ’ ಅನ್ನುವ ಆ ಹೆಸರಾಂತ ಹಾಡು ಬರೋದು ಅಲ್ಲೇ. ಬೇರೆಯವರಾಗಿದ್ದರೆ ನರ್ತಕನಿಗೆ ಒಂದು ದೊಡ್ಡ ಸೋಲೋ ಕೊಡುತ್ತಿದ್ದರು. ಇಲ್ಲಿ ಅವನು ಹಿಂದುಗಡೆ, ನಮಗೆ ಬೆನ್ನು ಮಾಡಿ ಕೂತುಬಿಟ್ಟಿರುತ್ತಾನೆ. ಅಲುಗಾಡೋದೇ ಇಲ್ಲ. ದನಿ ಅಳುತ್ತಿದೆ, ಮೈ ಕಲ್ಲಾಗಿದೆ. ತೀರಾ ದುಃಖವಾದಾಗ ನಮಗೂ ಹೀಗೇ ಆಗುತ್ತೆ, ಅಲ್ವಾ? ಒಬ್ಬರಿಂದಲೇ ಎರಡೂ ಮಾಡಿಸಿದ್ದರೆ ಇದು ಸಿಗುತ್ತಿರಲಿಲ್ಲ.

ಪ್ಯಾರಿಸ್ ಒಪೆರಾ ಬ್ಯಾಲೆಯ 2008ರ ರೆಕಾರ್ಡಿಂಗ್ ಇದೆ, ಹಾಡು ಜರ್ಮನ್‌ನಲ್ಲಿ. ಅದರ ಎರಡನೇ ಭಾಗದಲ್ಲಿ ಚರ್ಮದ ಏಪ್ರನ್ ಕಟ್ಟಿಕೊಂಡ ಮೂವರು ಗಂಡಸರು ಬರುತ್ತಾರಲ್ಲ, ಅವರೇ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ!