ಹಳೆಯ ಡೀಸೆಲ್ ಪಿಕಪ್‌ನಲ್ಲಿ ಎಂಜಿನ್ ದೀಪ, ಕೋಡ್ ಪಿ0087: ಸೆನ್ಸರ್ ಬದಲಿಸಲೇ, ಪಂಪ್ ಬದಲಿಸಲೇ?

ಎರಡೂ ಬೇಡ. ಮೊದಲು ಇದನ್ನು ಹೇಳಿ: ಗ್ಯಾರೇಜಿನವರು ಆ ಕೋಡನ್ನು ಅಳಿಸಿಬಿಟ್ಟಿದ್ದಾರೆಯೇ? ಇನ್ನೂ ಇಲ್ಲವೆಂದರೆ ನೀವು ನನಗಿಂತ ಪುಣ್ಯವಂತರು.

ನನ್ನದು 2012ರ ಕಾಮನ್ ರೈಲ್ ಗಾಡಿ: ಪಂಪ್ ಒತ್ತಿದ ಡೀಸೆಲ್ ಮೊದಲು 'ರೈಲ್' ಎಂಬ ಒಂದು ಕೊಳವೆಯಲ್ಲಿ ಸೇರಿ, ಅಲ್ಲಿಂದ ಇಂಜೆಕ್ಟರ್‌ಗಳಿಗೆ, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಳಿಕೆಗಳಿಗೆ, ಹೋಗುತ್ತದೆ. ಮಂಗಳೂರಿನ ಧಕ್ಕೆಯಿಂದ, ಅಂದರೆ ಮೀನಿನ ಬಂದರಿನಿಂದ, ಹಾಸನಕ್ಕೆ ಮೀನು ತರುತ್ತಿದ್ದೆ. ಒಂದು ರಾತ್ರಿ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಹಳದಿ ದೀಪ ಹೊತ್ತಿಕೊಂಡಿತು, ಮರುಕ್ಷಣವೇ ಗಾಡಿಯ ಎಳೆತ ಸತ್ತುಹೋಯಿತು. ಎಷ್ಟು ತುಳಿದರೂ ಎರಡನೇ ಗೇರಿನಲ್ಲಿ ತೆವಳುವುದಷ್ಟೇ. ಹಿಂದೆ ಟ್ಯಾಂಕರ್‌ಗಳ ಹಾರ್ನ್, ಬಾಡಿಯಲ್ಲಿ ಬೂತಾಯಿ, ಬಂಗುಡೆ, ಕರಗುತ್ತಿರುವ ಐಸ್. ಹಾಸನ ಮುಟ್ಟುವಷ್ಟರಲ್ಲಿ ಬೆಳಗಿನ ವ್ಯಾಪಾರ ಮುಗಿದಿತ್ತು. ಅರ್ಧ ಬೆಲೆಗೆ ಕೊಟ್ಟು ಬಂದೆ.

ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದರು. ಪಿ0087, ಅಂದರೆ ರೈಲಿನಲ್ಲಿ ಡೀಸೆಲ್ ಒತ್ತಡ ಕಡಿಮೆ. 'ಅಳಿಸಿ ನೋಡೋಣ, ಮತ್ತೆ ಬಂದರೆ ಆಗ ಯೋಚಿಸೋಣ' ಎಂದರು. ನಾನು ತಲೆಯಾಡಿಸಿದೆ. ನನ್ನ ಹಣ ಹೋದದ್ದು ಆ ಒಂದು ತಲೆಯಾಟದಲ್ಲಿ. ಯಾಕೆಂದು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.

ದೀಪ ಹೊತ್ತಿದ ಕ್ಷಣದಲ್ಲಿ ಎಂಜಿನ್‌ನ ಕಂಪ್ಯೂಟರ್ ಕೋಡ್ ಒಂದನ್ನೇ ಬರೆದಿಡುವುದಿಲ್ಲ. ಆಗ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಮೇಲೆ ಭಾರ ಎಷ್ಟಿತ್ತು, ವೇಗ ಎಷ್ಟು, ಬಿಸಿ ಎಷ್ಟು ಎಂಬುದನ್ನೂ ಜೊತೆಗೆ ಹಿಡಿದಿಡುತ್ತದೆ. ಸ್ಕ್ಯಾನರ್‌ನಲ್ಲಿ ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಕೋಡ್ ಅಳಿಸಿದರೆ ಅದೂ ಅಳಿಯುತ್ತದೆ. ಅನೇಕ ಗಾಡಿಗಳಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚಿದರೂ ಅಷ್ಟೇ. ನನ್ನ ದೋಷ ಬರುತ್ತಿದ್ದದ್ದು ಲೋಡ್ ಹೊತ್ತು ಏರು ಹತ್ತುವಾಗ ಮಾತ್ರ. ಮೆಕ್ಯಾನಿಕ್ ಪರೀಕ್ಷಿಸಿದ್ದು ಖಾಲಿ ಗಾಡಿಯನ್ನು, ಗ್ಯಾರೇಜಿನ ಮುಂದಿನ ಸಮತಟ್ಟು ರಸ್ತೆಯಲ್ಲಿ. ಅಲ್ಲಿ ಒತ್ತಡ ಸರಿಯಾಗಿಯೇ ಇತ್ತು. ಇನ್ನೂ ದೊಡ್ಡ ಮೋಸವೆಂದರೆ, ಕೋಡ್ ಅಳಿಸಿದೊಡನೆ ಎಂಜಿನ್ ಕಾಪಾಡಲೆಂದು ಕಂಪ್ಯೂಟರ್ ಅದರ ಎಳೆತಕ್ಕೆ ಹಾಕಿದ್ದ ಕಡಿವಾಣವೂ ಸಡಿಲಗೊಂಡು ಗಾಡಿ ಕುದುರೆಯಂತೆ ಓಡಿತು. ರಿಪೇರಿ ಆಯಿತು ಎಂದುಕೊಂಡೆ.

ಮುಂದಿನ ಟ್ರಿಪ್ಪಿನಲ್ಲಿ ಅದೇ ಘಾಟಿ, ಅದೇ ದೀಪ. ಪುನಃ ಅಳಿಸಿದರು, ಈ ಸಲ ರೈಲಿನ ಒತ್ತಡ ಅಳೆಯುವ ಸೆನ್ಸರ್ ಬದಲಿಸಿದರು: 3,500 ರೂಪಾಯಿ. ಮೂರು ವಾರದ ನಂತರ ಪಂಪ್ ಬಿಚ್ಚಿಸಿ ರೀಕಂಡೀಷನ್ ಮಾಡಿಸಿದೆ: ಕೂಲಿ ಸೇರಿ 38,000. ದೀಪ ಹೋಗಲಿಲ್ಲ.

ಕೊನೆಗೆ ಸಕಲೇಶಪುರದಲ್ಲಿ ವಯಸ್ಸಾದ ಒಬ್ಬ ಡೀಸೆಲ್ ಮೇಸ್ತ್ರಿ ಸಿಕ್ಕರು. ಸ್ಕ್ಯಾನರನ್ನು ಅವರು ಮುಟ್ಟಲೇ ಇಲ್ಲ. ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ಅಡಿ ಪಾರದರ್ಶಕ ಪೈಪ್ ಕಟ್ಟಿ, 'ರೇಸ್ ಕೊಡಿ' ಎಂದರು. ಡೀಸೆಲ್ ಜೊತೆ ಗುಳ್ಳೆಗಳು ಸಾಲಾಗಿ ಬಂದವು, ಸೋಡಾ ಬಾಟಲಿಯ ಹಾಗೆ. ಟ್ಯಾಂಕಿನಿಂದ ಫಿಲ್ಟರಿಗೆ ಬರುವ ರಬ್ಬರ್ ಪೈಪ್ ಕ್ಲಿಪ್ಪಿನ ಕೆಳಗೆ ಸೀಳಿತ್ತು. ನನ್ನ ಗಾಡಿಯ ಟ್ಯಾಂಕಿನೊಳಗೆ ಪಂಪ್ ಇಲ್ಲ, ಡೀಸೆಲನ್ನು ಎಂಜಿನ್ ಬಳಿಯ ಪಂಪೇ ಹೀರಿಕೊಳ್ಳಬೇಕು. ಹಾಗಾಗಿ ಆ ಸೀಳು ಹನಿ ಡೀಸೆಲನ್ನೂ ಹೊರಗೆ ಬಿಡದೆ, ಗಾಳಿಯನ್ನು ಒಳಗೆಳೆಯುತ್ತಿತ್ತು. ನೆಲದ ಮೇಲೆ ಕಲೆಯಿಲ್ಲ, ವಾಸನೆಯಿಲ್ಲ, ಯಾರಿಗೂ ಅನುಮಾನವಿಲ್ಲ. ಹೊಸ ಪೈಪ್ ಮತ್ತು ಎರಡು ಕ್ಲಿಪ್‌ಗೆ 180 ರೂಪಾಯಿ.

ಆದ್ದರಿಂದ 'ಸೆನ್ಸರೋ ಪಂಪೋ' ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒತ್ತಡ ಕಡಿಮೆ ಎಂದು ಕೋಡ್ ಹೇಳಿದೆಯೇ ಹೊರತು ಯಾವ ಭಾಗ ಕೆಟ್ಟಿದೆ ಎಂದಲ್ಲ. ಕೋಡ್ ಅಳಿಸುವ ಮೊದಲು ಅದನ್ನು ಓದಿಕೊಳ್ಳಿ; ಅದಕ್ಕೆ ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಸ್ಕ್ಯಾನರ್ ಸಾಕು. ಫ್ರೀಜ್ ಫ್ರೇಮ್ ತೋರಿಸಿದರೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಡೀಸೆಲ್ ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತು ಎಂದು ನೆನಪಿಸಿಕೊಳ್ಳಿ, ಅದರಡಿಯ ನೀರನ್ನು ಇಳಿಸಿ. ಆಮೇಲೆ ಪಾರದರ್ಶಕ ಪೈಪಿನ ಪರೀಕ್ಷೆ. ಅಲ್ಲೂ ಏನೂ ಕಾಣದಿದ್ದರೆ ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ, ಅಂದರೆ ಮಿಕ್ಕ ಡೀಸೆಲ್ ಹಿಂದಿರುಗುವ ಪೈಪಿಗೆ, ಒಂದೊಂದು ಬಾಟಲಿ ಕಟ್ಟಿಸಿ. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಕಳ್ಳ ಅಲ್ಲಿದ್ದಾನೆ. ಪಂಪಿನ ಮಾತು ಎಲ್ಲಕ್ಕಿಂತ ಕೊನೆಗೆ.

ಹಳೆಯ ಎಂಜಿನ್‌ಗಳಲ್ಲಿ ಮಾಡುತ್ತಿದ್ದಂತೆ, ಎಂಜಿನ್ ಓಡುವಾಗ ಇಂಜೆಕ್ಟರಿನ ಉಕ್ಕಿನ ಪೈಪ್ ಸಡಿಲಿಸಲು ಮಾತ್ರ ಯಾರಿಗೂ ಬಿಡಬೇಡಿ. ಕಾಮನ್ ರೈಲಿನಲ್ಲಿ ಒತ್ತಡ ಸಾವಿರ ಬಾರ್ ದಾಟಬಲ್ಲದು. ಚಿಮ್ಮಿದ ಡೀಸೆಲ್ ಚರ್ಮವನ್ನೇ ಕೊರೆದು ಒಳಗಿಳಿಯುತ್ತದೆ.

ಈಗಾಗಲೇ ಅಳಿಸಿದ್ದಾರೆಯೇ? ಹಾಗಾದರೆ ಸ್ಕ್ಯಾನರ್ ಸಿಕ್ಕಿಸಿಕೊಂಡು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಲೋಡ್ ಹಾಕಿಯೇ ಏರು ಹತ್ತಿಸಿ. ಓದುವುದು ಅವರ ಕೆಲಸ, ನಿಮ್ಮ ಕಣ್ಣು ರಸ್ತೆಯ ಮೇಲಿರಲಿ. ಅಷ್ಟಾದ ಮೇಲೂ ಸೆನ್ಸರೇ ಬೇಕೆನಿಸಿದರೆ ನನ್ನ ಹಳೆಯದು ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಬಿದ್ದಿದೆ. ಅದು ಕೆಟ್ಟೇ ಇರಲಿಲ್ಲ.