ಬದುಕಿ ಬಂದವರ ಬಗ್ಗೆಯೂ ಬರೆಯಿರಿ

ಬೆಟಗೇರಿಯ ಓದುಗರೊಬ್ಬರು ಬರೆದಿದ್ದಾರೆ: "ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ನಮ್ಮ ಅಪ್ಪಾರೂ 17 ವರ್ಷ ಸೈನ್ಯದಲ್ಲಿ ಟ್ರಕ್ ಓಡಿಸಿದವರು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿದ್ದರು. ಆಮೇಲೆ ಗದಗ-ಹುಬ್ಬಳ್ಳಿ ಬಸ್ಸಿನ ಡ್ರೈವರ್ ಆದರು. ನಾಲ್ಕು ಮಕ್ಕಳನ್ನು ಓದಿಸಿದರು. ಹಬ್ಬದ ದಿನ ಬೇರೆಯವರ ಡ್ಯೂಟಿ ಮಾಡಿ, ಭಾನುವಾರ ರಜೆ ಉಳಿಸಿಕೊಂಡು ಚರ್ಚಿಗೆ ಹೋಗುತ್ತಿದ್ದರು. ಈ ಮಳೆಗಾಲದಲ್ಲಿ ತೀರಿಕೊಂಡರು. ಮೂರು ಪದಕ ಇವೆ, ಯಾವುದಕ್ಕೆ ಕೊಟ್ಟಿದ್ದೋ ಗೊತ್ತಿಲ್ಲ. ದೊಡ್ಡ ಸಾಹಸ ಏನೂ ಇಲ್ಲ. ಇಂಥವರ ಬಗ್ಗೆ ಬರೆದರೆ ಹಾಕುತ್ತೀರಾ?"

ಅಕ್ಕಾವರೇ, ಖಂಡಿತ ಹಾಕುತ್ತೇವೆ.

ಕುಂದಗೋಳ ತಾಲೂಕಿನ ಯೋಧ ಹನುಮಂತಪ್ಪ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಕಳೆದು ಜೀವಂತ ಸಿಕ್ಕರು. 11ರಂದು ದಿಲ್ಲಿಯಲ್ಲಿ ಕಣ್ಣು ಮುಚ್ಚಿದರು. ಅವರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಆದರೆ ಸೇವೆ ಮುಗಿಸಿ ಬಂದು, ನಲವತ್ತು ವರ್ಷ ನಮ್ಮ ಓಣಿಯಲ್ಲೇ ಓಡಾಡಿಕೊಂಡಿದ್ದ ಸೈನಿಕನನ್ನು ಯಾರೂ ಕೂರಿಸಿ ಮಾತಾಡಿಸುವುದಿಲ್ಲ. ಇದು ನನಗೆ ಬೇಸರದ ವಿಷಯ.

ಮೊದಲು ಪದಕಗಳನ್ನು ನೋಡಿ. 1971ರಲ್ಲಿ ಸೇವೆಯಲ್ಲಿದ್ದವರಿಗೆ ಸಂಗ್ರಾಮ್ ಪದಕ ಕೊಟ್ಟರು. ಪಶ್ಚಿಮದ ಗಡಿಯಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್. 1972ರಲ್ಲಿ ಸ್ವಾತಂತ್ರ್ಯದ 25ನೇ ವರ್ಷದ ಪದಕವೂ ಬಂತು. ನಿಮ್ಮ ಮನೆಯ ಮೂರೂ ಇವೇ ಇರಬಹುದು. ಪದಕದ ಅಂಚು, ಹಿಂಬದಿ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಸೈನ್ಯದ ನಂಬರು, ಹೆಸರು ಕೊರೆದಿರಬಹುದು. ಇವು ಶೌರ್ಯ ಪದಕಗಳಲ್ಲ. ಹಾಗೆ ತೋರಿಸಲು ಹೋಗಬೇಡಿ, ಅದರ ಅಗತ್ಯವೂ ಇಲ್ಲ. ಮರುಭೂಮಿಯಲ್ಲಿ ಮುಂದಿನ ಸಾಲಿನ ಜವಾನನಿಗೆ ನೀರು, ರೇಷನ್, ಡೀಸೆಲ್, ಗುಂಡು ಎಲ್ಲವೂ ಟ್ರಕ್ಕಿನಲ್ಲೇ ಹೋಗಬೇಕು. ಡ್ರೈವರ್ ಬರಲಿಲ್ಲ ಅಂದರೆ ಯುದ್ಧವೇ ನಿಂತಂತೆ, ಅಲ್ವಾ?

ಪಶ್ಚಿಮದ ಗಡಿಯಲ್ಲಿ ಆ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 17ಕ್ಕೆ ನಿಂತಿತು. ಎರಡೇ ವಾರ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಹಬ್ಬದ ಡ್ಯೂಟಿಯ ಆ ಒಂದು ಸಾಲು. ಅದನ್ನು ನೀವು ಸುಮ್ನೆ ದಾಟಿ ಹೋಗಿದ್ದೀರಿ. ಯುಗಾದಿ, ದಸರಾ, ರಂಜಾನ್ ದಿನ ಯಾರ್ಯಾರ ಬಸ್ಸು ಅವರು ಓಡಿಸಿದರು? ಭಾನುವಾರ, ಕ್ರಿಸ್‌ಮಸ್ ದಿನ ಅವರ ಸೀಟಿನಲ್ಲಿ ಯಾರು ಕೂತರು? ಡಿಪೋದ ಹಳೆಯ ಡ್ರೈವರು, ಕಂಡಕ್ಟರುಗಳಲ್ಲಿ ಕೆಲವರಾದರೂ ಇರುತ್ತಾರೆ. ಹೋಗಿ ಕೇಳಿ. ಯಾರ ಮನೆಯ ಹೋಳಿಗೆ ಡಬ್ಬಿ ನಿಮ್ಮ ಮನೆಗೆ ಬರುತ್ತಿತ್ತು, ನಿಮ್ಮ ಮನೆಯ ಕೇಕು ಯಾರ ಮನೆಗೆ ಹೋಗುತ್ತಿತ್ತು, ಬರೆಯಿರಿ. ಹಬ್ಬದ ದಿನ ಅಪ್ಪ ಮನೆಯಲ್ಲಿ ಇರಬೇಕು ಅನ್ನುವುದು ಎಲ್ಲ ಮಕ್ಕಳ ಆಸೆ. ಎಷ್ಟೋ ಮಕ್ಕಳಿಗೆ ನಿಮ್ಮ ತಂದೆ ಅದನ್ನು ಕೊಟ್ಟರು. ತಮ್ಮ ಮಕ್ಕಳಿಗೂ ಉಳಿಸಿಕೊಂಡರು.

ಚರ್ಚಿನ ಬಗ್ಗೆ ಬರೆಯುವಾಗ "ದೈವಭಕ್ತರಾಗಿದ್ದರು" ಎಂದು ಮುಗಿಸಬೇಡಿ. ಬೆಟಗೇರಿಗೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಬಂದದ್ದು 1841ರಲ್ಲಿ, ಹುಬ್ಬಳ್ಳಿಗೆ ಬಂದ ಎರಡು ವರ್ಷಕ್ಕೆ. ಅಷ್ಟು ಹಳೆಯ ಸಭೆ. ನಿಮ್ಮ ಮನೆತನ ಯಾವ ತಲೆಮಾರಿನಿಂದ ಅಲ್ಲಿದೆ? ತಂದೆಯವರು ಯಾವ ಬೆಂಚಿನಲ್ಲಿ ಕೂರುತ್ತಿದ್ದರು? ಯಾವ ಹಾಡಿಗೆ ದನಿ ಏರಿಸುತ್ತಿದ್ದರು? ಸಭಾಪಾಲಕರನ್ನು ಕೇಳಿ ದೀಕ್ಷಾಸ್ನಾನ, ಮದುವೆಯ ರಿಜಿಸ್ಟರ್ ನೋಡಿ. ತಾರೀಖುಗಳು ಅಲ್ಲಿ ಸಿಗುತ್ತವೆ.

ಆ ಮದುವೆಯ ದಾಖಲೆಯ ಪ್ರತಿ ನಿಮ್ಮ ತಾಯಿಯವರಿಗೂ ಬೇಕಾಗಬಹುದು. ಪತ್ರದ ಕೊನೆಗೆ, ಪಿಂಚಣಿ ಪತ್ರದಲ್ಲಿ ಅವರ ಹೆಸರು ತಪ್ಪಾಗಿದೆ ಎಂದು ಬರೆದಿದ್ದೀರಿ. ಲೇಖನ ಆಮೇಲೆ ಆಗಲಿ, ಮೊದಲು ಇದು. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪತ್ರ, ಮರಣ ಪ್ರಮಾಣಪತ್ರ, ಅಮ್ಮನ ಆಧಾರ್ ತೆಗೆದುಕೊಂಡು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ. ಹೆಸರು ತಿದ್ದಿಸಲು ಏನು ಮಾಡಬೇಕೆಂದು ಅಲ್ಲಿ ಹೇಳಿ ಅರ್ಜಿ ಬರೆಸುತ್ತಾರೆ. ಕುಟುಂಬ ಪಿಂಚಣಿ ಅಮ್ಮನ ಹಕ್ಕು, ತಡ ಮಾಡಬೇಡಿ.

ಬರಹದ ಜೊತೆ ಎರಡು ಫೋಟೋ ಕಳಿಸಿ. ಒಂದು ಸೈನ್ಯದ್ದು, ಇನ್ನೊಂದು ಬಸ್ಸಿನ ಖಾಕಿಯದ್ದು. ಪುಟ ಜಾಸ್ತಿ ಆದರೆ ಆಗಲಿ, ನೀವಾಗಿ ಏನನ್ನೂ ಕಡಿಮೆ ಮಾಡಬೇಡಿ.

— ಸಂಪಾದಕ